ಕೆಳಗಿನ ತಾರಸಿ ಮೇಲೆ ಸಾರವೆ: ಒಂದೊಂದು ಕಾಲಿನ ಕೆಳಗೂ ಏನಿದೆ?

"ಗೃಹಪ್ರವೇಶದ ದಿನ ಈ ಪೋರ್ಟಿಕೊ ಮೇಲೆ ಇಪ್ಪತ್ತು ಜನ ನಿಂತಿದ್ರು ಸಾರ್, ಏನೂ ಆಗ್ಲಿಲ್ಲ. ಸಾರವೆ ನಿಲ್ಲಿಸಿದ್ರೆ ಏನಾಗುತ್ತೆ?"

ಮೇಲಿನ ಮಹಡಿಯ ಗೋಡೆಗೆ ಪ್ಲಾಸ್ಟರ್ ಆಗಬೇಕು ಅಥವಾ ಬಣ್ಣ ಹೊಡೆಯಬೇಕು. ಆ ಗೋಡೆಯ ಬುಡದಲ್ಲಿ ನೆಲವಿಲ್ಲ, ಕೆಳಗಿನ ಮಹಡಿಯ ತಾರಸಿಯೋ ಪೋರ್ಟಿಕೊವೋ ಇದೆ. ಆಗ ಈ ಮಾತು ಬಂದೇ ಬರುತ್ತದೆ. ಲೆಕ್ಕ ಹಾಕಿ ನೋಡಿ. 3 ಮೀಟರ್ ಮುಂದಕ್ಕೆ ಚಾಚಿದ, 5 ಮೀಟರ್ ಉದ್ದದ ಪೋರ್ಟಿಕೊ ಅಂದುಕೊಳ್ಳೋಣ. ಹಿಂದೆ ಮನೆಯ ಗೋಡೆ, ಮುಂದೆ ಕಂಬಗಳ ಮೇಲೆ ಬೀಮ್. ಇಪ್ಪತ್ತು ಜನ ಅಂದರೆ ಸುಮಾರು 1300 ಕೆಜಿ, 15 ಚದರ ಮೀಟರಿಗೆ ಹಂಚಿದರೆ ಚದರ ಮೀಟರಿಗೆ 87 ಕೆಜಿ. ಅವರು ಓಡಾಡುತ್ತಾರೆ, ಚದುರುತ್ತಾರೆ, ಅರ್ಧ ಗಂಟೆಯಲ್ಲಿ ಊಟಕ್ಕೆ ಇಳಿಯುತ್ತಾರೆ. ಸಾರವೆ ಹಾಗಲ್ಲ. ಆರೆಂಟು ಕಾಲುಗಳ ಮೇಲೆ, ಅದೇ ಜಾಗದಲ್ಲಿ, ಎರಡು ಮೂರು ವಾರ ಕೂತುಬಿಡುತ್ತದೆ. ಹಾಗಾಗಿ ಇಡೀ ತಾರಸಿ ಎಷ್ಟು ತಡೆಯುತ್ತದೆ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಒಂದೊಂದು ಕಾಲಿನ ಕೆಳಗೂ ಏನಿದೆ, ಅದರ ಕೆಳಗೆ ಏನಿದೆ, ನೆಲ ಮುಟ್ಟುವ ತನಕ ಭಾರ ಯಾವ ದಾರಿಯಲ್ಲಿ ಇಳಿಯುತ್ತದೆ, ಇದನ್ನು ನೋಡಬೇಕು.

ಮೊದಲು ತಾರಸಿಗೆ ಎಷ್ಟು ಭಾರ ಅಂತ ಲೆಕ್ಕ ಹಿಡಿದಿರುತ್ತಾರೆ ಎಂಬುದು. ಕಟ್ಟಡದ ಭಾರಗಳಿಗೆ ಇರುವ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ ಜನ ಓಡಾಡುವ ಚಪ್ಪಟೆ ತಾರಸಿಗೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ದುರಸ್ತಿಗೆ ಬಿಟ್ಟರೆ ಯಾರೂ ಹತ್ತದ ತಾರಸಿಗೆ ಅದರ ಅರ್ಧ, 75 ಕೆಜಿ. ಹಾಗಾಗಿ ಮೆಟ್ಟಿಲಾಗಲಿ ಬಾಗಿಲಾಗಲಿ ಇಲ್ಲದ ಪೋರ್ಟಿಕೊವನ್ನು ಕಂಡರೆ 75 ಎಂದೇ ಹಿಡಿಯಿರಿ. ನಕ್ಷೆ ಕೈಯಲ್ಲಿದ್ದು ಅದರಲ್ಲಿ ಬೇರೆ ಬರೆದಿದ್ದರೆ ಮಾತ್ರ ಬೇರೆ.

ಈಗ ಸಾರವೆಯ ತೂಕ. 1.2 ಮೀಟರ್ ಅಗಲದ ಎಚ್ ಫ್ರೇಮ್ (ಎರಡು ಕಾಲಿನ ಕಬ್ಬಿಣದ ಚೌಕಟ್ಟು), 2 ಮೀಟರಿಗೊಂದು, ಮೂರು ಅಂತಸ್ತು. ಒಂದು ಅಂಕಣದ (ಎರಡು ಫ್ರೇಮುಗಳ ನಡುವಿನ ಜಾಗ) ಗೋಪುರಕ್ಕೆ ಆರು ಫ್ರೇಮು 90 ಕೆಜಿ, ಅಡ್ಡಪಟ್ಟಿಗಳು 27, ಎರಡು ಕಬ್ಬಿಣದ ಹಲಗೆ 40, ಕೈತಡೆ ಮತ್ತು ಬುಡದ ಜಾಕಿ ಸೇರಿ 30ರ ಆಸುಪಾಸು. ಒಟ್ಟು 190 ಕೆಜಿ ಹತ್ತಿರ. ಅದರ ಮೇಲೆ ಇಬ್ಬರು ಗಾರೆಯವರು, ನಾಲ್ಕು ಬಾಂಡ್ಲಿ ಗಾರೆ: ಇನ್ನೊಂದು 230. ಇಬ್ಬರೂ ಒಂದೇ ತುದಿಗೆ ಬಂದು, ಬಾಂಡ್ಲಿಯನ್ನೂ ಅಲ್ಲೇ ಇಟ್ಟುಕೊಂಡರೆ (ಇಟ್ಟುಕೊಳ್ಳುತ್ತಾರೆ, ಗೋಡೆಯ ಮೂಲೆ ಮುಗಿಸುವಾಗ ಬೇರೆ ದಾರಿಯಿಲ್ಲ) ಆ ತುದಿಯ ಎರಡು ಕಾಲುಗಳ ಮೇಲೆ ತಲಾ 160 ಕೆಜಿ ಬೀಳುತ್ತದೆ. ಬಾಡಿಗೆಗೆ ಬರುವ ಫ್ರೇಮುಗಳ ತೂಕ ಒಂದೇ ಸಮ ಇರುವುದಿಲ್ಲ. ಒಂದನ್ನು ತಕ್ಕಡಿಗೆ ಹಾಕಿ ನೋಡಿದರೆ ಹತ್ತು ನಿಮಿಷದ ಕೆಲಸ.

ಎರಡು ಅಂಕಣ ಜೋಡಿಸಿದಾಗ ನಡುವಿನ ಕಾಲಿಗೆ ಎರಡೂ ಕಡೆಯ ಭಾರ ಬರುತ್ತದೆ. ಪ್ಲಾಸ್ಟರ್ ಕೆಲಸಕ್ಕೆ ಹಲಗೆಯ ಚದರ ಮೀಟರಿಗೆ 200 ಕೆಜಿ ಹಿಡಿದರೆ ನಡುಸಾಲಿನ ಹೊರಗಾಲಿಗೆ ಸುಮಾರು 255 ಕೆಜಿ. ಕಲ್ಲು ಅಂಟಿಸುವ ಕೆಲಸಕ್ಕೆ ಚದರ ಮೀಟರಿಗೆ 300 ಹಿಡಿಯಬೇಕು, ಆಗ ಅದೇ ಕಾಲಿಗೆ 355.

ಒಳಗಾಲು, ಹೊರಗಾಲು

ಗೋಡೆಯ ಪಕ್ಕದ ಸಾಲು, ಅಂದರೆ ಒಳಗಾಲು, ಗೋಡೆಯಿಂದ ಒಂದಡಿ ದೂರದಲ್ಲಿ ನಿಲ್ಲುತ್ತದೆ. ಅದರ ಹತ್ತಿರದಲ್ಲೇ ಕೆಳಗೆ ಗೋಡೆಯೋ ಬೀಮೋ ಇರುತ್ತದೆ. ಹಾಗಾಗಿ ಅದರ ಚಿಂತೆ ಕಡಿಮೆ. ಹೊರಗಾಲು ಅಲ್ಲಿಂದ 1.2 ಮೀಟರ್ ಆಚೆಗೆ ಹೋಗಿ, ಗೋಡೆಯಿಂದ 1.5 ಮೀಟರ್ ದೂರದಲ್ಲಿ ಕೂರುತ್ತದೆ. ಹತ್ತಡಿ ಪೋರ್ಟಿಕೊಗೆ ಅದು ಸರಿಯಾಗಿ ನಟ್ಟನಡುವೆ! ಸ್ಲ್ಯಾಬು ಅತಿ ಹೆಚ್ಚು ಬಾಗುವ ಜಾಗವನ್ನೇ ಹುಡುಕಿಕೊಂಡು ಹೋದಂತೆ. ಎಷ್ಟೋ ಕಡೆ ಸಾರವೆ ಕಟ್ಟುವವರು ಒಳಗಾಲಿಗೆ ಹಲಗೆ ಚೂರು ಕೊಟ್ಟು, ಹೊರಗಾಲನ್ನು ಹಾಗೇ ಬಿಟ್ಟಿರುತ್ತಾರೆ. ತಿರುಗುಮುರುಗು.

ಸ್ಲ್ಯಾಬಿನ ನಡುವೆ 160 ಕೆಜಿಯ ಕಾಲು ನಿಂತರೆ ಅಲ್ಲಿ ಬಾಗಿಸುವ ಬಲ 160 × 3 ÷ 4, ಅಂದರೆ 120 ಕೆಜಿ-ಮೀಟರ್. ಇದನ್ನು ಕಾಲಿನ ನೇರ ಕೆಳಗಿನ ಕಂಬಿ ಮಾತ್ರ ಹೊರುವುದಿಲ್ಲ, ಅಕ್ಕಪಕ್ಕದ ಪಟ್ಟಿಯೂ ಹೆಗಲು ಕೊಡುತ್ತದೆ. ಕಾಂಕ್ರೀಟ್ ಕೆಲಸದ ಮಾನಕ ಐಎಸ್ 456ರ ಸೂತ್ರ ಹಾಕಿದರೆ ಈ ಅಳತೆಗೆ ಸುಮಾರು 2 ಮೀಟರ್ ಅಗಲದ ಪಟ್ಟಿ. ಹಾಗಾಗಿ ಮೀಟರಿಗೆ 60 ಕೆಜಿ-ಮೀಟರ್. ತಾರಸಿಗೆ ಹಿಡಿದಿರುವ ಲೆಕ್ಕ ಏನು? 75 ಕೆಜಿಯದಾದರೆ 75 × 9 ÷ 8, ಸುಮಾರು 84. 150ರದಾದರೆ 169. ಇದೇ ಲೆಕ್ಕದಲ್ಲಿ ಪ್ಲಾಸ್ಟರಿನ ನಡುಗಾಲು 96ಕ್ಕೂ, ಕಲ್ಲು ಅಂಟಿಸುವ ಸಾರವೆಯ ಕಾಲು 133ಕ್ಕೂ ಬರುತ್ತವೆ. ಬಣ್ಣದ ಒಂಟಿ ಗೋಪುರವನ್ನು ಆರೋಗ್ಯವಾಗಿರುವ ಯಾವ ಸ್ಲ್ಯಾಬಾದರೂ ತಡೆದೀತು. ಎರಡು ಅಂಕಣದ ಪ್ಲಾಸ್ಟರ್ ಸಾರವೆ ಹತ್ತದ ತಾರಸಿಯ ಮಿತಿ ದಾಟುತ್ತದೆ, ಓಡಾಡುವ ತಾರಸಿಯಲ್ಲಿ ನಿಲ್ಲುತ್ತದೆ. ಕಲ್ಲಿನ ಕೆಲಸಕ್ಕೆ ಎರಡು ಅಂತಸ್ತಿನ ಹಲಗೆಯಲ್ಲೂ ಒಟ್ಟಿಗೆ ಸಾಮಾನು ಪೇರಿಸಿದರೆ ಯಾವುದರಲ್ಲೂ ನಿಲ್ಲುವುದಿಲ್ಲ.

ಇಲ್ಲೊಂದು ಮೋಸವಿದೆ, ಬಹಳ ಜನ ಗಮನಿಸದ್ದು. ತಾರಸಿ ಕಟ್ಟಿ ಹತ್ತು ವರ್ಷದ ಮೇಲೆ ಸೋರಿತು ಅಂತ ಎರಡಂಗುಲ ಗಾರೆ ಹಾಕಿ ಟೈಲ್ಸ್ ಕೂರಿಸಿರುತ್ತಾರೆ. ಚದರ ಮೀಟರಿಗೆ ಸುಮಾರು 125 ಕೆಜಿ ಅಲ್ಲಿಗೇ ಸೇರಿತು. ಬಾಗಿಸುವ ಬಲದಲ್ಲಿ 141. ಓಡಾಡುವ ತಾರಸಿಯ 169ರಲ್ಲಿ ಉಳಿದದ್ದು 28. ಈಗ ಬಣ್ಣದ ಒಂಟಿ ಗೋಪುರಕ್ಕೂ ಜಾಗವಿಲ್ಲ. ಸ್ಲ್ಯಾಬಿನ ದಪ್ಪವನ್ನು ಅಂಚಿನಲ್ಲಿ ನೋಡಿ ಏಳಂಗುಲ ಇದೆ, ಗಟ್ಟಿಮುಟ್ಟು ಅಂದುಕೊಳ್ಳಬೇಡಿ. ಮಳೆನೀರಿನ ಪೈಪಿನ ಬಾಯಿಯಲ್ಲಿ ಕಂಬಿ ಇಳಿಬಿಟ್ಟು ಅಳೆದು, ಮೇಲಿನ ಗಾರೆ ಎಷ್ಟು, ಕೆಳಗಿನ ಪ್ಲಾಸ್ಟರ್ ಎಷ್ಟು, ನಡುವಿನ ಕಾಂಕ್ರೀಟು ಎಷ್ಟು ಅಂತ ಬೇರೆಬೇರೆ ಬರೆದುಕೊಳ್ಳಿ. ನೀರಿನ ಟ್ಯಾಂಕು, ಮಣ್ಣಿನ ಕುಂಡ, ಉಳಿದ ಇಟ್ಟಿಗೆ ಇವೂ ಅದೇ ಲೆಕ್ಕಕ್ಕೆ. ಸಾವಿರ ಲೀಟರಿನ ಟ್ಯಾಂಕು ತುಂಬಿದ್ದರೆ ಒಂದು ಟನ್.

ಸಜ್ಜಾ ಮೇಲೆ ಎಂದಿಗೂ ಬೇಡ

ಕಿಟಕಿಯ ಮೇಲಿನ ಸಜ್ಜಾ, ಕಂಬವಿಲ್ಲದೆ ಮುಂದಕ್ಕೆ ಚಾಚಿದ ಬಾಲ್ಕನಿ, ಕಂಬವಿಲ್ಲದ ಪೋರ್ಟಿಕೊ ಇವೆಲ್ಲ ಒಂದೇ ಜಾತಿ: ಒಂದು ಕಡೆ ಮಾತ್ರ ಹಿಡಿತ. ಇವುಗಳಲ್ಲಿ ಸಜ್ಜಾ ಮೇಲೆ ಒಂದೇ ಒಂದು ಕಾಲನ್ನೂ ಇಡಬಾರದು.

ಎರಡಡಿ ಸಜ್ಜಾ, ಮೂರಂಗುಲ ದಪ್ಪ. ಅದರ ಸ್ವಂತ ಭಾರ ಬುಡದಲ್ಲಿ ಕೊಡುವ ಬಲ ಮೀಟರಿಗೆ 34 ಕೆಜಿ-ಮೀಟರ್. ಲೆಕ್ಕಕ್ಕೆ ಹಿಡಿದ 75 ಕೆಜಿ ಭಾರದ್ದು 13.5. ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ 160 ಕೆಜಿಯ ಕಾಲು ಇಟ್ಟರೆ ಅದೊಂದೇ 72. ಸ್ವಂತ ಭಾರ ಸೇರಿ 106. ತಯಾರಾಗಿದ್ದು 48ಕ್ಕೆ. ಒಂದೂವರೆ ಪಟ್ಟು ಸುರಕ್ಷತೆ ಇಟ್ಟಿದ್ದರೂ ಅದನ್ನು ಮೀರಿ ಹೋಯಿತು.

ಇದೂ ಕಂಬಿ ಸರಿಯಾದ ಜಾಗದಲ್ಲಿದೆ ಎಂದು ನಂಬಿ ಹಾಕಿದ ಲೆಕ್ಕ. ಚಾಚು ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟು ಹಾಕುವಾಗ ಅದರ ಮೇಲೇ ನಡೆದು, ಅದನ್ನು ಮೇಲೆ ಹಿಡಿದಿಡುವ ಕುರ್ಚಿ ಕಂಬಿ ಕೊಡದೆ, ಅದು ಕೆಳಕ್ಕೆ ಕೂತಿರುವುದು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಕಂಬಿ ಇರಬೇಕಾದ ಎತ್ತರದ ಅರ್ಧಕ್ಕೆ ಇಳಿದರೆ ಶಕ್ತಿ ಹೆಚ್ಚುಕಮ್ಮಿ ಅರ್ಧ. ಹೊರಗಿನಿಂದ ಗೊತ್ತಾಗುವುದಿಲ್ಲ. ಎರಡು ಕಡೆ ಕೂತ ಸ್ಲ್ಯಾಬು ಬಾಗಿ, ಬಿರುಕು ತೋರಿಸಿ, ಎಚ್ಚರಿಕೆ ಕೊಡುತ್ತದೆ. ಸಜ್ಜಾ ಹಾಗೆ ಕೊಡುವುದಿಲ್ಲ, ಬುಡದಲ್ಲಿ ಮುರಿದು ಮಡಚಿಕೊಂಡು ಬೀಳುತ್ತದೆ. ಕೆಳಗೆ ಮರಳು ಜರಡಿ ಹಿಡಿಯುತ್ತಿರುವವರು ಇರುತ್ತಾರೆ.

ಪ್ಯಾರಪೆಟ್ ಗೋಡೆಯೂ ಹಾಗೆಯೇ. ನಾಲ್ಕೂವರೆ ಅಂಗುಲದ ಇಟ್ಟಿಗೆ, ಒಳಗೆ ಕಂಬಿಯಿಲ್ಲ. ಕಾಲನ್ನು ಅದರ ತಲೆಯ ಮೇಲೆ ಇಡುವುದೂ ಬೇಡ, ಸಾರವೆಯನ್ನು ಅದಕ್ಕೆ ಕಟ್ಟುವುದೂ ಬೇಡ.

ಕಾಂಕ್ರೀಟಲ್ಲದ ಮಾಡುಗಳು

ಸಿಮೆಂಟ್ ಶೀಟು, ತಗಡಿನ ಶೀಟು ಎರಡರ ಮೇಲೂ ಕಾಲು ಇಡುವ ಮಾತೇ ಇಲ್ಲ. ಶೀಟು ಬಿಚ್ಚಿ, ಕಾಲನ್ನು ಒಳಗಿಂದ ನೆಲದವರೆಗೆ ಇಳಿಸಬೇಕು. ಮಂಗಳೂರು ಹಂಚಿನ ಮಾಡಿಗೂ ಅದೇ: ಕಾಲು ಇಳಿಯುವ ಜಾಗದ ನಾಲ್ಕಾರು ಹಂಚು ತೆಗೆದು, ರೀಪು (ಹಂಚು ಕೂರುವ ಮರದ ಪಟ್ಟಿ) ಕತ್ತರಿಸದೆ ಪಕ್ಕಾಸುಗಳ (ರೀಪು ಹೊರುವ ಇಳಿಜಾರು ಮರ) ನಡುವೆ ದಾಟಿಸಿ, ಸುತ್ತ ಪ್ಲಾಸ್ಟಿಕ್ ಕಟ್ಟಿದರೆ ಮಳೆಗೂ ತಡೆಯುತ್ತದೆ. ಪಕ್ಕಾಸಿಗೆ ಸಾರವೆ ಒರಗಿಸಬೇಡಿ.

ಹಳೆ ಬೆಂಗಳೂರು, ಮೈಸೂರು ಮನೆಗಳ ಮದ್ರಾಸ್ ತಾರಸಿಯಲ್ಲಿ ಮರದ ತೊಲೆ, ಅದರ ಮೇಲೆ ಅಂಚಿಗೆ ನಿಲ್ಲಿಸಿದ ಇಟ್ಟಿಗೆ, ಸುಣ್ಣದ ಗಾರೆ. ತೊಲೆಯ ನಡುಭಾಗ ಚೆನ್ನಾಗಿ ಕಾಣುತ್ತದೆ. ಕೊಳೆಯುವುದು ಗೋಡೆಯೊಳಗೆ ಹುದುಗಿದ ತುದಿ. ದಪ್ಪ ಸ್ಕ್ರೂಡ್ರೈವರಿನಿಂದ ಗೋಡೆಗೆ ತಾಗಿದ ಜಾಗದಲ್ಲಿ ಒತ್ತಿ ಚುಚ್ಚಿ. ಅರ್ಧ ಅಂಗುಲ ಸುಲಭವಾಗಿ ಹೋದರೆ ಆ ತೊಲೆಯನ್ನು ಲೆಕ್ಕದಿಂದ ಬಿಡಿ. ಇಂಥ ತಾರಸಿಗೆ ಕೆಳಗಿನಿಂದ ಆಸರೆ ಕೊಡದೆ ಸಾರವೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಕಲ್ಲು ಚಪ್ಪಡಿಯ ತಾರಸಿ ಇನ್ನೂ ಸೂಕ್ಷ್ಮ. ಕಲ್ಲು ಬಾಗುವುದಿಲ್ಲ, ಮುರಿಯುತ್ತದೆ. ಚಪ್ಪಡಿಯ ಎರಡು ತುದಿ ಕೂತ ಗೋಡೆಯ ನೇರಕ್ಕೆ ಮಾತ್ರ ಕಾಲು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಗೂ ಅದೇ ನಿಯಮ, ಅಲ್ಲಿ ಮಣ್ಣಿನ ಭಾರವನ್ನು ಹೊರುವುದರಲ್ಲೇ ಜಂತೆಗಳು ಸುಸ್ತಾಗಿರುತ್ತವೆ.

ಕೆಳಗೆ ಹೋಗಿ ತಲೆಯೆತ್ತಿ ನೋಡಿ

ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಹಾಳೆ ಬಿಚ್ಚಿಸಲೇಬೇಕು. ಟಾರ್ಚನ್ನು ಸೀಲಿಂಗಿಗೆ ಸಮವಾಗಿ ಹಿಡಿದರೆ ಉಬ್ಬು, ಬಿರುಕು ಎದ್ದು ಕಾಣುತ್ತವೆ. ಕಂಬಿಯ ಗೆರೆಯಗುಂಟ ಕಂದು ಕಲೆ ಅಥವಾ ಸಮಾನಾಂತರ ಬಿರುಕು ಇದ್ದರೆ ತುಕ್ಕು ಕಾಂಕ್ರೀಟನ್ನು ಒಡೆಯುತ್ತಿದೆ ಎಂದರ್ಥ. ಕೋಲಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಪ್ಲಾಸ್ಟರ್ ಬಿಟ್ಟಿದೆಯೋ ಕಾಂಕ್ರೀಟೇ ಬಿಟ್ಟಿದೆಯೋ ಕೆತ್ತಿ ನೋಡಿ. ಈ ಗೋಡೆಯಿಂದ ಆ ಗೋಡೆಗೆ ದಾರ ಬಿಗಿದು ನಡುವೆ ಎಷ್ಟು ಇಳಿದಿದೆ ಅಳೆಯಿರಿ. ಐಎಸ್ 456ರ ಮಿತಿ ಅಂತರದ 250ರಲ್ಲಿ ಒಂದು ಭಾಗ, 3 ಮೀಟರಿಗೆ 12 ಮಿ.ಮೀ. ಅಷ್ಟು ಆಗಲೇ ಇಳಿದಿದ್ದರೆ ಅದರ ಮೇಲೆ ಏನೂ ಬೇಡ, ಎಂಜಿನಿಯರನ್ನು ಕರೆಯಿರಿ.

ಹೊಸ ಕಟ್ಟಡವಾದರೆ ಮೋಲ್ಡ್ ಹಾಕಿದ ತಾರೀಖು ಕೇಳಿ. 4.5 ಮೀಟರ್ ಒಳಗಿನ ಸ್ಲ್ಯಾಬಿನ ಆಸರೆ ತೆಗೆಯಲು ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14, 6 ಮೀಟರ್ ಒಳಗಿನ ಬೀಮಿಗೆ 14, ಅದರಾಚೆ 21. ಇದು ತನ್ನ ಭಾರ ತಾನು ಹೊರಲು ಬೇಕಾದ ದಿನ, ಸಾರವೆ ಹೊರಲು ಅಲ್ಲ. ಈಗ ಹೆಚ್ಚಿನವರು ಬಳಸುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಇನ್ನೂ ನಿಧಾನ ಬೇಕು. 28 ದಿನ ಆಗದ ಸ್ಲ್ಯಾಬಿನ ಮೇಲೆ ಸಾರವೆ ಕಟ್ಟುವುದಾದರೆ ಕೆಳಗಿನ ಜಾಕಿ (ಸ್ಲ್ಯಾಬಿಗೆ ಆಸರೆಯಾಗಿ ನಿಲ್ಲಿಸುವ, ಉದ್ದ ಹೊಂದಿಸಬಹುದಾದ ಕಬ್ಬಿಣದ ಕಂಬ) ತೆಗೆಯಬೇಡಿ.

ಆಸರೆ ಕೊಡುವ ಎರಡು ದಾರಿ

ಲೆಕ್ಕ ಮೀರಿತು ಅಂದಾಗ ಸುಲಭದ ದಾರಿ ಕೆಳಗಿನಿಂದ ಜಾಕಿ. ಮೇಲಿನ ಕಾಲಿನ ನೇರ ಕೆಳಗೇ ಜಾಕಿ ಬರಬೇಕು. ಅಂದಾಜಿಗೆ ಆಗುವುದಿಲ್ಲ: ಎರಡೂ ಕಡೆ ಒಂದೇ ಗೋಡೆಯಿಂದ ಟೇಪು ಹಿಡಿದು ಅಳೆಯಿರಿ. ಜಾಕಿಯ ತಲೆಗೂ ಬುಡಕ್ಕೂ ನಾಲ್ಕಂಗುಲ ಅಗಲದ ಮರದ ತುಂಡು, ತೂಗುಗುಂಡಿಗೆ ನೇರ. ಸ್ಕ್ರೂವನ್ನು ಕೈಯಲ್ಲಿ ಬಿಗಿಯುವಷ್ಟು ಮಾತ್ರ. ಸನ್ನೆ ಹಾಕಿ ಬಿಗಿದರೆ ಸ್ಲ್ಯಾಬು ಮೇಲಕ್ಕೆ ಒತ್ತಿಕೊಳ್ಳುತ್ತದೆ, ನಡುಭಾಗದ ಮೇಲ್ಮೈಯಲ್ಲಿ ಕಂಬಿ ಇರುವುದಿಲ್ಲ, ಬಿರುಕು ಬರುತ್ತದೆ. ಜಾಕಿಯ ಪಿನ್ನು ಕಳೆದುಹೋಗಿದೆ ಅಂತ 8 ಮಿ.ಮೀ. ಕಂಬಿ ಚೂರು ತೂರಿಸಿರುತ್ತಾರೆ, ಅಂಥದ್ದನ್ನು ವಾಪಸ್ ಕಳಿಸಿ. ಉದ್ದಕ್ಕೆ ಎಳೆದಷ್ಟೂ ಜಾಕಿಯ ಶಕ್ತಿ ಕುಗ್ಗುತ್ತದೆ, ಹಾಗಾಗಿ ಎತ್ತರಕ್ಕೆ ತಕ್ಕ ಸೈಜನ್ನೇ ತರಿಸಿ. ಆಸರೆ ನಿಂತ ಜಾಗ ನೆಲವಲ್ಲದೆ ಇನ್ನೊಂದು ಮಹಡಿಯಾದರೆ, ಭಾರ ಆ ಮಹಡಿಗೆ ವರ್ಗವಾಯಿತು ಅಷ್ಟೇ. ಅದರ ಕೆಳಗೂ ಅದೇ ನೇರಕ್ಕೆ ಜಾಕಿ ಬೇಕು, ನೆಲ ಮುಟ್ಟುವ ತನಕ.

ಕೆಳಗೆ ಬಾಡಿಗೆಯವರಿದ್ದಾರೆ, ನಡುಮನೆಯಲ್ಲಿ ಜಾಕಿ ನಿಲ್ಲಿಸಲಾಗದು ಎಂದಾಗ ಎರಡನೇ ದಾರಿ: ಸ್ಲ್ಯಾಬಿನ ಮೇಲೆ, ಗೋಡೆಯಿಂದ ಮುಂದಿನ ಬೀಮಿನವರೆಗೆ ಕಬ್ಬಿಣದ ಸೇತುವೆ. 100 ಮಿ.ಮೀ. ಚಾನಲ್ ಎರಡನ್ನು ಬೆನ್ನಿಗೆ ಬೆನ್ನು ಜೋಡಿಸಿ, ಒಂದೊಂದು ಫ್ರೇಮಿನ ಸಾಲಿಗೆ ಒಂದು ಜೋಡಿ. ಒಂಟಿ ಚಾನಲ್ ಬಲ ಸಾಲುತ್ತದೆ, ಆದರೆ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಎರಡು ತುದಿಗಳನ್ನು ಗೋಡೆ ಮತ್ತು ಬೀಮಿನ ನೇರದಲ್ಲಿ ಗಟ್ಟಿ ಮರದ ತುಂಡಿನ ಮೇಲೆ ಕೂರಿಸಿ, ನಡುವೆ ಸ್ಲ್ಯಾಬಿಗೂ ಚಾನಲ್ಲಿಗೂ 20 ಮಿ.ಮೀ. ಸಂದು ಬಿಡಬೇಕು. 255 ಕೆಜಿ ಬಿದ್ದಾಗ ಜೋಡಿ ಚಾನಲ್ ಬಾಗುವುದು 2 ಮಿ.ಮೀ. ಆಸುಪಾಸು. ಆ ಸಂದಿನಲ್ಲಿ ಕಾಗದ ಸಲೀಸಾಗಿ ಓಡಾಡುತ್ತಿರುವವರೆಗೆ ಸ್ಲ್ಯಾಬಿನ ನಡುಭಾಗಕ್ಕೆ ಭಾರವಿಲ್ಲ. ಬಂದು ಬಿದ್ದ ಗಾರೆ ಆ ಸಂದಿನಲ್ಲಿ ಗಟ್ಟಿಯಾದರೆ ಸೇತುವೆ ಕಟ್ಟಿದ್ದು ವ್ಯರ್ಥ, ಸಂಜೆ ಗುಡಿಸಿಬಿಡಿ.

ಹಲಗೆ ಹಾಸಿದರೆ ಸಾಲದೇ ಅಂತ ಕೇಳುವವರಿದ್ದಾರೆ. ಒಂಬತ್ತಂಗುಲ ಅಗಲ, ಒಂದೂವರೆಯಿಂದ ಎರಡಂಗುಲ ದಪ್ಪದ ಹಲಗೆ ಎಲ್ಲ ಕಾಲಿಗೂ ಬೇಕೇಬೇಕು, ಅದರ ಮೇಲೆ 150 ಮಿ.ಮೀ. ಚೌಕದ ಕಬ್ಬಿಣದ ಪ್ಲೇಟು. ಇಲ್ಲದಿದ್ದರೆ 48 ಮಿ.ಮೀ. ಪೈಪಿನ ತೆಳು ಅಂಚು ವಾಟರ್‌ಪ್ರೂಫ್ ಪದರವನ್ನು ಬಳೆಯಾಕಾರಕ್ಕೆ ಕತ್ತರಿಸಿಬಿಡುತ್ತದೆ, ಮುಂದಿನ ಮಳೆಗಾಲದಲ್ಲಿ ಕಾಲಿದ್ದ ಜಾಗದಲ್ಲೆಲ್ಲ ಸೋರುತ್ತದೆ. ಹಲಗೆಯನ್ನು ಪೋರ್ಟಿಕೊದ ಉದ್ದಕ್ಕೆ, ಗೋಡೆಗೆ ಸಮಾನಾಂತರವಾಗಿ ಹಾಸಿ. ಮುಖ್ಯ ಕಂಬಿ ಇರುವುದು ಗಿಡ್ಡ ದಿಕ್ಕಿನಲ್ಲಿ, ಹೀಗೆ ಹಾಸಿದರೆ ಹೆಚ್ಚು ಕಂಬಿಗಳಿಗೆ ಭಾರ ಹಂಚುತ್ತದೆ. ಆದರೆ ಹಲಗೆ ಒತ್ತಡ ಹಂಚುತ್ತದೆಯೇ ಹೊರತು ಕೆಜಿ ಕಡಿಮೆ ಮಾಡುವುದಿಲ್ಲ.

ಒಂದು ಕಾಲು ನೆಲದಲ್ಲಿ, ಒಂದು ತಾರಸಿಯಲ್ಲಿ

ಮನೆಯ ಮೂಲೆಯಲ್ಲಿ ಇದು ಸಾಮಾನ್ಯ. ಸಾರವೆಯ ಅರ್ಧ ಅಂಗಳದಿಂದ ಎದ್ದಿರುತ್ತದೆ, ಉಳಿದರ್ಧ ಪೋರ್ಟಿಕೊ ಮೇಲೆ ಕೂತಿರುತ್ತದೆ. ತಾರಸಿ ಇಳಿಯುವುದಿಲ್ಲ, ಅಂಗಳ ಇಳಿಯುತ್ತದೆ. ಅದರಲ್ಲೂ ಸಂಪು ತೋಡಿ ಮಣ್ಣು ತುಂಬಿದ ಜಾಗ, ಚರಂಡಿ ಪೈಪಿನ ಗುಂಡಿ ಮುಚ್ಚಿದ ಜಾಗ ಒಂದು ಮಳೆಗೆ ಅಂಗುಲ ಕುಸಿದರೂ ಆಶ್ಚರ್ಯವಿಲ್ಲ. ಅಡ್ಡಪೈಪುಗಳು ಎರಡನ್ನೂ ಕಟ್ಟಿಹಾಕಿರುವುದರಿಂದ ನೆಲದ ಕಾಲು ಬಿಟ್ಟುಕೊಟ್ಟ ಭಾರವೆಲ್ಲ ತಾರಸಿಯ ಮೊದಲ ಕಾಲಿಗೆ ಬಂದು ಬೀಳುತ್ತದೆ, ಆ ಕಾಲು ನಿಂತಿರುವುದು ಬಹುತೇಕ ಪೋರ್ಟಿಕೊದ ತುದಿಯಲ್ಲಿ. ಎರಡು ಭಾಗಗಳನ್ನು ಬೇರೆಬೇರೆ ಸಾರವೆಯಾಗಿಯೇ ಕಟ್ಟಿ, ನಡುವೆ ಬಿಡಿ ಹಲಗೆ ಹಾಕಿ. ಬಿಡಿ ಹಲಗೆಯ ಎರಡು ತುದಿಯೂ ಆಸರೆಯಿಂದ ಕನಿಷ್ಠ ಅರ್ಧ ಅಡಿ ಮುಂದಕ್ಕಿರಲಿ, ಹಗ್ಗದಲ್ಲಿ ಕಟ್ಟಿರಲಿ. ಎರಡೂ ಸಾರವೆಗಳನ್ನು ತಮ್ಮತಮ್ಮ ಪಾಡಿಗೆ ಮನೆಯ ಕಾಲಂಗೋ ಕಿಟಕಿಯ ಚೌಕಕ್ಕೆ ಅಡ್ಡ ಕೊಟ್ಟ ಪೈಪಿಗೋ ಬಿಗಿಯಿರಿ. ಬಿಗಿಯದೆ ಹೊರಗಡೆ ನಿಂತ ಸಾರವೆಯ ಎತ್ತರ ಅದರ ಕಿರಿದಾದ ಬುಡದ ಮೂರು ಪಟ್ಟು ಮೀರಬಾರದು. 1.2 ಮೀಟರ್ ಬುಡಕ್ಕೆ 3.6 ಮೀಟರ್, ಎರಡು ಅಂತಸ್ತೂ ಪೂರ್ತಿ ಆಗುವುದಿಲ್ಲ. ಹಸಿರು ಪರದೆ ಕಟ್ಟಿದರೆ ಗಾಳಿಯ ತಳ್ಳು ಇನ್ನೂ ಹೆಚ್ಚು.

ಕೆಲಸ ನಡೆಯುವಾಗ ತಾರಸಿಯ ಮೇಲೆ ಮರಳು, ಸಿಮೆಂಟ್ ಚೀಲ ಪೇರಿಸಲು ಬಿಡಬೇಡಿ. ಗಾರೆ ಕೆಳಗೇ ಕಲಸಿ ಬಾಂಡ್ಲಿಯಲ್ಲಿ ಬರಲಿ. ಹತ್ತು ಚೀಲ ಸಿಮೆಂಟು ಅರ್ಧ ಟನ್. ಹಾಸಿದ ಹಲಗೆ ಮಳೆನೀರಿನ ಪೈಪಿನ ಬಾಯಿಗೆ ಅಡ್ಡ ಬಂದಿದೆಯೇ ನೋಡಿ. ಪ್ಯಾರಪೆಟ್ ಇರುವ ತಾರಸಿಯಲ್ಲಿ ಎರಡಂಗುಲ ನೀರು ನಿಂತರೆ ಚದರ ಮೀಟರಿಗೆ 50 ಕೆಜಿ, ಜೊತೆಗೆ ಹಲಗೆ ತೇಲಿ ಜರುಗುತ್ತದೆ. ಮಳೆ ಬಂದ ಮರುದಿನ ಬೆಳಿಗ್ಗೆ ಯಾರೂ ಹತ್ತುವ ಮೊದಲು ಬುಡದ ಪ್ಲೇಟುಗಳನ್ನೂ ಕೆಳಗಿನ ಸೀಲಿಂಗನ್ನೂ ನೋಡಬೇಕು. ಸೀಲಿಂಗಿನ ಬಿರುಕಿದ್ದ ಜಾಗದಲ್ಲಿ ಮೊದಲ ದಿನವೇ ಸುಣ್ಣ ಬಳಿದು ಪೆನ್ಸಿಲಿನಲ್ಲಿ ತಾರೀಖು ಬರೆದಿಟ್ಟಿದ್ದರೆ, ಕೂದಲೆಳೆಯಷ್ಟು ಹೊಸ ಗೆರೆ ಬಂದರೂ ಕಣ್ಣಿಗೆ ಬೀಳುತ್ತದೆ. ಬಂದರೆ ಮೊದಲು ಜನರನ್ನು ಇಳಿಸಿ, ಆಮೇಲೆ ಸಾಮಾನು ಇಳಿಸಿ, ಆಮೇಲೆ ಜಾಕಿ ಕೊಡಿ.

ಬಿಚ್ಚುವಾಗ ಮೇಲಿನ ಅಂತಸ್ತಿನಿಂದ ಬಿಚ್ಚಿದ ಫ್ರೇಮುಗಳನ್ನು ತಾರಸಿಯ ನಡುವೆ ಗುಡ್ಡೆ ಹಾಕುವುದು ರೂಢಿ. ಮೂರು ವಾರ ಹಂಚಿ ನಿಂತಿದ್ದ ಭಾರ ಆಗ ಒಂದೇ ಕಡೆ ಸೇರುತ್ತದೆ, ಅದೂ ಎತ್ತಿ ಎಸೆದ ಹೊಡೆತದ ಜೊತೆ. ಒಂದೊಂದನ್ನೂ ಹಗ್ಗದಲ್ಲಿ ನೇರ ಅಂಗಳಕ್ಕೆ ಇಳಿಸಿ. ಕೆಳಗಿನ ಜಾಕಿಗಳನ್ನು, ತಾರಸಿ ಪೂರ್ತಿ ಖಾಲಿಯಾಗಿ ಹಲಗೆಯೂ ಎದ್ದ ಮೇಲೆ, ಮೇಲಿನ ಮಹಡಿಯದನ್ನು ಮೊದಲು, ನೆಲದ್ದನ್ನು ಕೊನೆಗೆ ತೆಗೆಯಿರಿ.